ಆ ಹಾಡು ಬೇಡ ಅಂದಿದ್ದು ನಾನೇ

ಇದನ್ನು ನನಗೆ ಮೊದಲು ಹೇಳಿದ್ದು ಇಲ್ಲಿ ಅಮೆರಿಕದಲ್ಲಿ, ಡಿಯರ್‌ಬಾರ್ನ್‌ನ ಆಫೀಸಿಗೆ ನನ್ನ ಜೊತೆ ಕಾರಿನಲ್ಲಿ ಬರುವ ಧಾರವಾಡದ ಆಂಟಿ. ದಾರಿಯುದ್ದಕ್ಕೂ ಅವರಿಗೆ ಇಲ್ಲಿನ ಹಳ್ಳಿಗಾಡಿನ ಕಂಟ್ರಿ ಹಾಡಿನ ರೇಡಿಯೋನೇ ಬೇಕು. "ಈ ಹಾಡೋ ಮಂದೀದು ಒಂದು ಮಜಾ ಅದ ನೋಡು. ಹಿಟ್ ಆದ ಹಾಡನ್ನ ಮೊದಲು ಇನ್ಯಾರೋ ಒಲ್ಲೆ ಅಂದಿರ್ತಾರ. ಆಮ್ಯಾಲೆ ಜೀವನಪೂರ್ತಿ, ಅದು ಮೊದಲು ನನ್ನ ಕಡೆನೇ ಬಂದಿತ್ತು ಅಂತ ಹೇಳಕೋತ ಅಡ್ಡಾಡ್ತಾರ" ಅಂದರು. ನಕ್ಕುಬಿಟ್ಟೆ. ಆಮೇಲೆ ನಾನೇ ಒಂದು ಕನ್ನಡ ಕಂಟ್ರಿ ಹಾಡು ಬರೆದೆ. ಹಿಮದ ರಸ್ತೆಯಲ್ಲಿ ಪಿಕಪ್ ಟ್ರಕ್ ಕೆಟ್ಟು ನಿಲ್ಲುತ್ತದೆ, ಒಳಗಿರುವವಳು ಬುತ್ತಿ ಬಿಚ್ಚುತ್ತಾಳೆ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಅದನ್ನು ರೆಕಾರ್ಡ್ ಮಾಡಿಸಲೇಬೇಕು ಅಂತ ಹಟ ನನಗೆ.

೧. ಗಂಟಲು

ಓಕ್ ಬ್ರೂಕ್‌ನಲ್ಲಿ ನಮ್ಮವರ ಪೈಕಿ ಹೆಸರಾಂತ ಗಾಯಕಿಯೊಬ್ಬರಿದ್ದಾರೆ. ಫೋನ್ ಮಾಡಿದೆ.

"ಹಾಡು ಚೆನ್ನಾಗಿದೆ ಕಣ್ರೀ. ಆದ್ರೆ ನನ್ನ ಗಂಟಲು ಸ್ವಲ್ಪ ಸರಿ ಇಲ್ಲ."

"ಅಯ್ಯೋ, ಹಾಗಾದ್ರೆ ರೆಸ್ಟ್ ತಗೊಳ್ಳಿ" ಅಂದು ಫೋನ್ ಇಟ್ಟೆ. ಹಿಂದೆಯೇ ಮೆಣಸಿನ ಕಷಾಯದ ರೆಸಿಪಿಯನ್ನೂ ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ಪಾಪ, ಗಂಟಲು ಪೂರ್ತಿ ಕಟ್ಟಿರಬೇಕು ಅಂದುಕೊಂಡೆ.

೨. ಟ್ರಕ್

ಮುಂದೆ ಕೇಳಿದ್ದು ವಿಕ್ಸಮ್ ಊರಿನ ಅಂಕಲ್‌ನ, ಅವರೂ ಹಾಡುವವರೇ. ಬೇಸ್‌ಮೆಂಟ್ ತುಂಬ ಮೈಕು, ಸ್ಪೀಕರು. ಕೆಲಸ ಕಾರ್ ಕಂಪನಿಯಲ್ಲಿ, ಕ್ವಾಲಿಟಿ ವಿಭಾಗ. ಸಾಹಿತ್ಯವನ್ನು ಎರಡು ಸಲ ಓದಿದರು.

"ಟ್ರಕ್ ಯಾಕಮ್ಮಾ ಕೆಟ್ಟು ನಿಲ್ಲತ್ತೆ?"

"ಅಂಕಲ್, ಅದು ಅವಳ ಒಂಟಿತನ..."

"ಒಂಟಿತನ ಸರಿ. ಬ್ಯಾಟರೀನೋ, ಫ್ಯೂಯೆಲ್ ಪಂಪೋ? ಕಾರಣ ಗೊತ್ತಿಲ್ಲದೆ ನಾನು ಹಾಡೋಕಾಗಲ್ಲ."

ಟ್ರಕ್ಕನ್ನು ರಿಪೇರಿ ಮಾಡಿದರೆ ಹಾಡುತ್ತೇನೆ ಅಂದರು. ರಿಪೇರಿಯಾದರೆ ಅವಳು ಹತ್ತು ನಿಮಿಷದಲ್ಲಿ ಮನೆ ಸೇರುತ್ತಾಳೆ, ನನಗೆ ಎರಡನೇ ಚರಣವೇ ಇಲ್ಲ.

೩. ಹೂಂ

ರಾಜ್ಯೋತ್ಸವಕ್ಕೆ ಹತ್ತು ದಿನ. ಹಾಡು ಕಂಪ್ಯೂಟರಿನಲ್ಲೇ ಕೊಳೆಯುತ್ತೆ ಅಂತ ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ನನ್ನ ಹದಿನೇಳರ ಮಗಳು, ಮನೆಯಲ್ಲಿ ಕನ್ನಡದಲ್ಲಿ ಉತ್ತರ ಕೊಟ್ಟು ಎಷ್ಟೋ ವರ್ಷ ಆದವಳು, ಗಿಟಾರ್ ಹೆಗಲಿಗೆ ಹಾಕಿಕೊಂಡು ಬಂದಳು.

"ವೈ ಡಿಡಂಟ್ ಯು ಆಸ್ಕ್ ಮಿ?"

"ನೀನು ಹಾಡ್ತೀಯಾ?"

"ಶ್ಯೂರ್."

"ಗಂಟಲು ಸರಿ ಇದೆಯಾ? ಟೆಸ್ಟ್ ಇಲ್ವಾ? ಒಂದೇ ಒಂದು ಸಲ ಹಾಡು ಚಿನ್ನಾ, ಪ್ಲೀಸ್..."

"ಅಮ್ಮಾ, ಐ ಸೆಡ್ ಯೆಸ್! ವೈ ಆರ್ ಯು ಬೆಗ್ಗಿಂಗ್?"

ಲಾಂಡ್ರಿ ರೂಮಿನಲ್ಲಿ ಡ್ರೈಯರ್ ನಿಲ್ಲಿಸಿ ರೆಕಾರ್ಡ್ ಮಾಡಿದೆವು. ಅವಳು ಬುತ್ತಿ ಬಿಚ್ಚುವ ಸಾಲಿಗೆ ಬಂದಾಗ ನನ್ನ ಕಣ್ಣು ತುಂಬಿತು. ಕೈಗೆ ಸಿಕ್ಕಿದ್ದು ಒದ್ದೆ ಕಾಲುಚೀಲ, ಅದರಲ್ಲೇ ಒರೆಸಿಕೊಂಡೆ.

೪. ಬೇಡ ಅಂದವರು

ರಾಜ್ಯೋತ್ಸವದಲ್ಲಿ ಹಾಡು ಕೇಳಿ ಜನ ಒನ್ಸ್ ಮೋರ್ ಅಂದರು. ಬಿಸಿಬೇಳೆಬಾತಿನ ಸಾಲಿನಲ್ಲಿ ಓಕ್ ಬ್ರೂಕ್ ಗಾಯಕಿ ನನ್ನನ್ನು ಹಿಡಿದರು. "ಏನ್ರೀ ನೀವು, ಒಂದು ಸಲ ಬೇಡ ಅಂದ್ರೆ ಬಿಟ್ಟೇಬಿಡೋದಾ? ಇನ್ನೆರಡು ಸಲ ಕೇಳ್ತೀರಿ ಅಂತ ವಾರಪೂರ್ತಿ ಫೋನ್ ಪಕ್ಕದಲ್ಲೇ ಇದ್ದೆ. ನೀವು ನೋಡಿದ್ರೆ ಕಷಾಯ ಕಳಿಸ್ತೀರಿ!"

ನಿಜ. ನಮ್ಮಲ್ಲಿ ಮೊದಲನೇ ಬೇಡ ಬರೀ ಪೀಠಿಕೆ. ಬೇಡ ಅಂದರೆ ಬೇಡವೇ ಅನ್ನುವ ಇಲ್ಲಿನ ಆಫೀಸಿನಲ್ಲಿ ಇಷ್ಟು ವರ್ಷ ಇದ್ದು ಅದನ್ನೇ ಮರೆತಿದ್ದೆ. ಆದರೆ ತಟ್ಟೆ ತುಂಬುವಷ್ಟರಲ್ಲಿ ಅವರೇ ಪಕ್ಕದವರಿಗೆ ಹೇಳುತ್ತಿದ್ದರು: "ಅದು ಮೊದಲು ನನ್ನ ಹತ್ರಾನೇ ಬಂದಿತ್ತು. ನಾನೇ ಬೇಡ ಅಂದೆ." ಸಾಲಿನ ತುದಿಯಿಂದ ವಿಕ್ಸಮ್ ಅಂಕಲ್ ಕೂಗಿದರು: "ನಾನೂ!" ಮೊಸರನ್ನ ಬರುವ ಹೊತ್ತಿಗೆ ಹಾಡನ್ನು ಬೇಡ ಅಂದವರು ಆರು ಜನ ಆಗಿದ್ದರು. ನಾನು ಕೇಳಿದ್ದು ಇಬ್ಬರನ್ನ.

ಧಾರವಾಡದ ಆಂಟಿ ಕಿವಿಯಲ್ಲಿ ಪಿಸುಗುಟ್ಟಿದರು: "ನಾನೂ ಒಲ್ಲೆ ಅಂದಿದ್ದೆ ಅಂತ ಹೇಳು."

"ಆಂಟಿ, ನಿಮ್ಮನ್ನ ನಾನು ಕೇಳೇ ಇಲ್ವಲ್ಲ!"

"ಕೇಳಿದ್ರ ಹೂಂ ಅಂತಿದ್ನಲ್ಲ. ಅದಕ್ಕ ಈಗೇ ಒಲ್ಲೆ ಅಂತೀನಿ."

ಇದನ್ನು ನೀವೂ ನಾಲ್ಕು ಜನರಿಗೆ ಹೇಳಿ. ಬೇಡ ಅಂದವರ ಪಟ್ಟಿಗೆ ಬೇಕಾದರೆ ನಿಮ್ಮ ಹೆಸರನ್ನೂ ಸೇರಿಸಿಕೊಳ್ಳಿ, ನನ್ನ ತಕರಾರಿಲ್ಲ. ಮೊದಲ ಸಲಕ್ಕೇ ಹೂಂ ಅಂದವಳು ನನ್ನ ಮಗಳು ಅನ್ನೋದನ್ನ ಮಾತ್ರ ಬಿಡಬೇಡಿ.