ಮಾತಾಡಿಸುವ ಪಾಳಿ

೧. ಹೂಂ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಮೊಮ್ಮಗಳ ಟೀಚರು ಫೋನ್ ಮಾಡಿದರು. ಕೊರೋನಾ ಬಂದು ಶಾಲೆ ಮುಚ್ಚಿತ್ತು. ಎರಡನೇ ಕ್ಲಾಸು ನಮ್ಮ ಮನೆಯ ಮೊಬೈಲಿನೊಳಗೆ ನಡೆಯುತ್ತಿತ್ತು. ಹುಡುಗಿ ತಪ್ಪದೆ ಬಂದು ಕೂರುತ್ತಾಳೆ, ಹಾಜರಿ ಕರೆದರೂ ಬಾಯಿ ಬಿಡುವುದಿಲ್ಲ ಎಂದರು. ಶಾಲೆ ಇದ್ದಾಗ ಕ್ಲಾಸಿನಲ್ಲಿ ಅವಳದೇ ಗಲಾಟೆಯಂತೆ.

"ಮನೇಲಾದ್ರೂ ಮಾತಾಡ್ತಾಳೇನ್ರಿ ಅಜ್ಜಾರೆ?"

"ಇಲ್ಲ."

"ನೀವು ದಿನಾ ಒಂದಿಷ್ಟು ಮಾತಾಡಿಸ್ರಿ. ಮಗು ಮನಸ್ಸು ಹಗುರಾಗ್ತತೆ."

"ಹೂಂ."

ಅವರು ಕಾದರು. ಇನ್ನೇನಾದರೂ ಹೇಳುತ್ತೇನೆ ಎಂದುಕೊಂಡಿರಬೇಕು. ನನ್ನ ಹತ್ತಿರ ಇನ್ನೇನೂ ಇರಲಿಲ್ಲ.

"ನಿಮ್ಮನ್ನೇ ಹೋಲ್ತಾಳೆ ಬಿಡ್ರಿ" ಎಂದು ಫೋನಿಟ್ಟರು.

೨. ಊಟ ಆತಾ

ಹೋಲಿಕೆಯ ಮಾತಲ್ಲ ಅದು. ಸೊಸೆ ನರ್ಸು. ಅವಳನ್ನು ಕೊರೋನಾ ವಾರ್ಡಿಗೆ ಹಾಕಿದ್ದರು. ಮನೆಗೆ ಬರುವಂತಿಲ್ಲ, ಆಸ್ಪತ್ರೆಯವರು ಕೊಟ್ಟ ರೂಮಿನಲ್ಲೇ ಇರಬೇಕು. ಅವಳು ಬ್ಯಾಗು ಹಿಡಿದು ಹೊರಟ ದಿನವೇ ಹುಡುಗಿಯ ಬಾಯಿ ಬಂದ್ ಆಯಿತು. ಸಂಜೆ ತಾಯಿ ವಿಡಿಯೋ ಕಾಲ್ ಮಾಡಿದರೆ ತಲೆ ಬಗ್ಗಿಸಿ ಕೂರುವಳು. ತಾಯಿ ಆ ಕಡೆಯಿಂದ ಒಬ್ಬಳೇ ಮಾತಾಡುವಳು. ಕೊನೆಗೆ ನನ್ನನ್ನು ಕೇಳುವಳು, "ಇವತ್ತಾದ್ರೂ ಮಾತಾಡಿದ್ಲೇನ್ರಿ ಮಾವ?" ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ.

ಮಗನಿಗೆ ಔಷಧಿ ಅಂಗಡಿ. ಅವನು ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ನಮ್ಮ ಮನೆಯಲ್ಲಿ ಎಲ್ಲರ ಪಾಲಿನ ಮಾತನ್ನೂ ಆಡುವವಳು ನನ್ನ ಹೆಂಡತಿ. ಅವಳು ಮಗಳ ಬಾಣಂತನಕ್ಕೆಂದು ಹರಿಹರಕ್ಕೆ ಹೋದವಳು ಲಾಕ್‌ಡೌನ್ ಆಗಿ ಅಲ್ಲೇ ಉಳಿದಳು. ದಾವಣಗೆರೆಯ ಮನೆಯಲ್ಲಿ ಮಾತಾಡಿಸುವ ಕೆಲಸಕ್ಕೆ ಸಿಕ್ಕಿದ್ದು ನಾನೊಬ್ಬ.

ಊಟ ಮುಗಿಸಿ ಹುಡುಗಿಯ ಎದುರು ಕುರ್ಚಿ ಹಾಕಿಕೊಂಡು ಕೂತೆ.

"ಊಟ ಆತಾ?" ಎಂದೆ. ನನ್ನ ಪಕ್ಕದಲ್ಲೇ ಕೂತು ಉಂಡಿದ್ದಳು. ತಲೆಯಾಡಿಸಿದಳು.

ಮುಂದೆ ಏನು ಕೇಳುವುದೆಂದು ಹೊಳೆಯಲಿಲ್ಲ. ಫ್ಯಾನು ನೋಡಿದೆ, ಕ್ಯಾಲೆಂಡರು ನೋಡಿದೆ. ಆಮೇಲೆ ಇನ್ನೊಮ್ಮೆ "ಊಟ ಆತಾ?" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಬೇರೇನೂ ಸಿಗದೆ, ಮೂರನೇ ಸಲ ಕೇಳಿದೆ.

ಎದ್ದು ಒಳಗೆ ಹೋದಳು. ಬಟ್ಟಲು ತುಂಬ ಮಂಡಕ್ಕಿ ತಂದು ನನ್ನ ಮುಂದಿಟ್ಟಳು. ಅಜ್ಜನಿಗೆ ಹಸಿವು, ಹೇಳಿಕೊಳ್ಳಲು ನಾಚಿಕೆ ಎಂದು ತಿಳಿದಿದ್ದಳು. ತಿಂದೆ.

೩. ರಾಜನ ಕಥೆ

ಹರಿಹರದಿಂದ ಹೆಂಡತಿ ಫೋನಿನಲ್ಲಿ ಬೈದಳು. ಪ್ರಶ್ನೆ ಕೇಳಿದರೆ ಮಕ್ಕಳು ಮಾತಾಡುವುದಿಲ್ಲ, ಕಥೆ ಹೇಳಬೇಕು, ಕಥೆ ಬೆಳೆದ ಹಾಗೆ ಮಕ್ಕಳೇ ಬಾಯಿ ಹಾಕುತ್ತಾರೆ ಎಂದಳು. ಸರಿ, ಮಲಗುವ ಮುಂಚೆ ಶುರು ಮಾಡಿದೆ.

"ಒಂದೂರಾಗೆ ಒಬ್ಬ ರಾಜ ಇದ್ದ. ಸತ್ತ."

ಹುಡುಗಿ ಹೊದಿಕೆ ಸರಿಸಿ ಎದ್ದು ಕೂತಳು. "ಆಮೇಲೆ?" ಎಂದಳು.

ಅಷ್ಟು ದಿನದಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಅದು. ನನಗೆ ಖುಷಿಯಾಯಿತು. ಆದರೆ ಕಥೆ ಮುಗಿದಿತ್ತು.

"ಸತ್ತ ಮೇಲೆ ಏನಿರ್ತತೆ? ಮಲಕ್ಕೋ" ಎಂದೆ.

ಬೆಳಿಗ್ಗೆ ಹೆಂಡತಿಗೆ ವರದಿ ಒಪ್ಪಿಸಿದೆ. ಮಗು ಒಂದು ಮಾತಾಡಿತು ಎಂದೆ. ಏನು ಕಥೆ ಹೇಳಿದಿರಿ ಎಂದು ಕೇಳಿದಳು, ಹೇಳಿದೆ.

"ಕಥೆ ಹೇಳ್ರಿ ಅಂದ್ರೆ ತಿಥಿ ಮಾಡಿ ಬಂದ್ರಲ್ಲ" ಎಂದಳು.

೪. ನಾಲ್ಕು ಮುಖ

ಟೀಚರು ಬಿಡುವವರಲ್ಲ. ಮಕ್ಕಳು ಮನೆಯಲ್ಲೇ ಕೂತು ಮಂಕಾಗಿದ್ದಾರೆಂದು ಒಂದು ಆಟ ಹೂಡಿದರು. ಮನೆಯ ದೊಡ್ಡವರು ಮೊಬೈಲಿನ ಮುಂದೆ ಬಂದು ಸಂತೋಷ, ದುಃಖ, ಭಯ, ಸಿಟ್ಟು ಮುಖದಲ್ಲೇ ತೋರಿಸಬೇಕು. ಯಾವುದು ಯಾವುದೆಂದು ಮಕ್ಕಳು ಹೇಳಬೇಕು.

ಬೇರೆ ಮನೆಗಳಿಂದ ತಾಯಂದಿರು ಬಂದರು. ಚೆನ್ನಾಗಿ ಮಾಡಿದರು. ನಮ್ಮ ಸರದಿ ಬಂತು. ನಾನು ಸಂತೋಷ ತೋರಿಸಿದೆ.

"ಸಿಟ್ಟು" ಎಂದರು ಮಕ್ಕಳೆಲ್ಲ.

ದುಃಖ ತೋರಿಸಿದೆ. ಅದಕ್ಕೂ ಸಿಟ್ಟು ಎಂದರು. ಭಯ ತೋರಿಸಿದಾಗ ಒಬ್ಬ ಹುಡುಗ ಜಾಸ್ತಿ ಸಿಟ್ಟು ಎಂದ.

"ಆತು ಅಜ್ಜಾರೆ, ಈಗ ನಿಜವಾದ ಸಿಟ್ಟು ತೋರಿಸ್ರಿ" ಎಂದರು ಟೀಚರು. ನನ್ನ ಕೈಲಾದಷ್ಟು ತೋರಿಸಿದೆ. ಮಕ್ಕಳೆಲ್ಲ ಪರದೆಯ ಹತ್ತಿರ ಮೂಗು ತಂದು ನೋಡಿದರು. ಕಡೆಗೆ ಅದೇ ಹುಡುಗ ಹೇಳಿದ:

"ಮಿಸ್, ಅವ್ರ ಮನೆ ನೆಟ್ ಹೋಗೈತೆ. ಅಜ್ಜ ನಿಂತುಬಿಟ್ಟಾರೆ."

ಪಕ್ಕದಲ್ಲಿ ಮೊಮ್ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಹೆಗಲು ಕುಣಿಯುತ್ತಿದ್ದವು. ನಾನು ಮುಖವನ್ನು ಹಾಗೇ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಕೂತೆ.

೫. ಮಗ್ಗದ ಭಾಷೆ

ಮಕ್ಕಳೆಲ್ಲ ಒಟ್ಟಿಗೆ ಮಾತಾಡುತ್ತಾರೆಂದು ಟೀಚರು ಪಾಠದ ಹೊತ್ತಿನಲ್ಲಿ ಎಲ್ಲರ ಮೈಕನ್ನೂ ಬಂದ್ ಮಾಡುತ್ತಿದ್ದರು. ಒಂದು ದಿನ ಪಾಠ ನಡೆದಿತ್ತು. ಹುಡುಗಿಗೆ ಹಾಲು ಬೇಕೇನು ಎಂದು ಕೇಳಬೇಕಿತ್ತು. ನನ್ನ ಕೈ ತಾನಾಗಿ ಎದ್ದು ಹೆಬ್ಬೆರಳನ್ನು ತುಟಿಗೆ ಬಗ್ಗಿಸಿ ಕೇಳಿತು.

ನಾನು ಕೆಲಸ ಮಾಡಿದ್ದು ಬಟ್ಟೆ ಮಿಲ್ಲಿನಲ್ಲಿ. ಮಗ್ಗದ ಶೆಡ್ಡಿನ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದು. ಪಾಳಿ ಪೂರ್ತಿ ಕೈಯಲ್ಲೇ ಮಾತು. ತುಟಿಗೆ ಹೆಬ್ಬೆರಳು ತಂದರೆ ಚಾ. ಎರಡು ಬೆರಳು ಕೂಡಿಸಿ ಬಿಡಿಸಿದರೆ ನೂಲು ಹರಿದಿದೆ. ಹೊಟ್ಟೆ ಸವರಿದರೆ ಊಟಕ್ಕೆ ನಡಿ. ನಮ್ಮ ಮೇಸ್ತ್ರಿ ಟೋಪಿ ಹಾಕುತ್ತಿದ್ದ. ಯಾರಾದರೂ ನೆತ್ತಿಯನ್ನು ಎರಡು ಸಲ ತಟ್ಟಿಕೊಂಡರೆ ಮೇಸ್ತ್ರಿ ಬಂದ, ಹರಟೆ ಸಾಕು ಎಂದರ್ಥ.

ಕ್ಲಾಸು ಮುಗಿದ ಕೂಡಲೇ ಹುಡುಗಿ ನನ್ನ ಕುರ್ಚಿಗೇ ಬಂದಳು.

"ಅಜ್ಜ, ಕೈಯಾಗೆ ಏನಂದಿ?"

ಹೇಳಿದೆ. ಇನ್ನೊಂದು ತೋರಿಸು ಎಂದಳು, ತೋರಿಸಿದೆ. ಬೈಯುವುದಕ್ಕೆ ಏನು ಮಾಡುತ್ತಿದ್ದಿರಿ ಎಂದಳು. ಅದನ್ನು ತೋರಿಸಲಿಲ್ಲ. ಕತ್ತಲಾಗುವವರೆಗೆ ಕೇಳಿದಳು. ನಾನು ಅಷ್ಟು ಮಾತಾಡಿದ್ದು ಮಿಲ್ಲು ಬಿಟ್ಟ ಮೇಲೆ ಅದೇ ಮೊದಲು.

ಹುಡುಗಿ ಅಜ್ಜಿಗೆ ಫೋನಿನಲ್ಲಿ ಎಲ್ಲವನ್ನೂ ವಿವರಿಸಿದಳು. ಆಮೇಲೆ ಫೋನು ನನ್ನ ಕೈಗೆ ಬಂತು.

"ಅಲ್ರಿ, ನೀವೂ ನಿಮ್ಮ ಗೆಳೆಯರೂ ಕಟ್ಟೆ ಮೇಲೆ ಕೂತಾಗ, ನಾನು ಬಾಗಿಲಿಗೆ ಬಂದ ಕೂಡ್ಲೆ ಎಲ್ರೂ ನೆತ್ತಿ ತಟ್ಕೊಂತಿದ್ರಲ್ಲ. ಅದು ಏನು?"

ಸಿಗ್ನಲ್ ಸರಿ ಇಲ್ಲ ಎಂದೆ.

೬. ಗೌರವ

ಆ ವಾರವೇ ಟೀಚರು ಮತ್ತೆ ಫೋನ್ ಮಾಡಿದರು. ಹುಡುಗಿ ಈಗ ಹಾಜರಿಗೆ ಜೋರಾಗಿ ಉತ್ತರ ಕೊಡುತ್ತಾಳೆ, ಮಗ್ಗಿಯನ್ನೂ ಹೇಳುತ್ತಾಳೆ, ಬಹಳ ಸಂತೋಷ ಎಂದರು. ಒಂದು ಮಾತ್ರ ಅವರಿಗೆ ತಿಳಿಯುತ್ತಿಲ್ಲ. ಮೈಕ್ ಬಂದ್ ಆದ ಮೇಲೆ ಮಕ್ಕಳು ಒಬ್ಬರಿಗೊಬ್ಬರು ಏನೋ ಕೈ ಮಾಡುತ್ತಾರೆ. ಹೊಟ್ಟೆ ಸವರಿಕೊಳ್ಳುತ್ತಾರೆ. ಅದೂ ಹೋಗಲಿ, ಬೆಳಿಗ್ಗೆ ಟೀಚರು ಪರದೆಯ ಮೇಲೆ ಬಂದರೆ ಸಾಕು, ಇಡೀ ಕ್ಲಾಸು ನೆತ್ತಿ ತಟ್ಟಿಕೊಳ್ಳುತ್ತದೆ. ನಿಮ್ಮ ಮೊಮ್ಮಗಳೇ ಕಲಿಸಿದ್ದಂತೆ ಎಂದರು.

"ಏನ್ರಿ ಅಜ್ಜಾರೆ ಅದು?"

ನಾನು ಯೋಚಿಸಿದೆ.

"ಗೌರವ" ಎಂದೆ.

ಮರುದಿನ ಕ್ಲಾಸು ಶುರುವಾಯಿತು. ಟೀಚರು ಬಂದರು. ನಮಸ್ಕಾರಕ್ಕೂ ಮೊದಲು, ನಗುತ್ತ, ತಮ್ಮ ನೆತ್ತಿಯನ್ನು ಎರಡು ಸಲ ತಟ್ಟಿಕೊಂಡರು. ಮಕ್ಕಳು ಒಬ್ಬೊಬ್ಬರಾಗಿ ಪರದೆಯಿಂದ ಕೆಳಗೆ ಜಾರಿದರು. ಖಾಲಿ ಕುರ್ಚಿಗಳು ಮಾತ್ರ ಕಾಣುತ್ತಿದ್ದವು. ನಮ್ಮ ಹುಡುಗಿ ಮಂಚದ ಕೆಳಗೆ ಹೋಗಿ ನಗುತ್ತಿದ್ದಳು.

ಸಂಜೆ ಸೊಸೆಯ ವಿಡಿಯೋ ಕಾಲ್ ಬಂತು. ಪಾಳಿಗೆ ಮುಂಚೆ ವಾರ್ಡಿನ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಹುಡುಗಿ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಮೊದಲಿನಿಂದ ಹೇಳಲು ಹಿಡಿದಳು. ಮಂಡಕ್ಕಿ, ಸತ್ತ ರಾಜ, ನಿಂತುಹೋದ ಅಜ್ಜ, ಟೋಪಿ ಮೇಸ್ತ್ರಿ, ಟೀಚರು, ಒಂದನ್ನೂ ಬಿಡಲಿಲ್ಲ. ಸೊಸೆಗೆ ನಡುವೆ ಒಂದು ಮಾತಿಗೂ ಜಾಗ ಸಿಗಲಿಲ್ಲ. ಮಾಸ್ಕ್ ಇಳಿಸಿ ಕಣ್ಣು ಮೂಗು ಎರಡೂ ಒರೆಸಿಕೊಂಡಳು. ನಗುತ್ತಿದ್ದಳು.

ಅವಳ ಹಿಂದೆ ಬಾಗಿಲು ತೆರೆಯಿತು. ಹೆಡ್ ಸಿಸ್ಟರ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ನಮಗೂ ಕಂಡಿತು. ಹುಡುಗಿ ಇನ್ನೂ ಹೇಳುತ್ತಲೇ ಇದ್ದಳು.

ಸೊಸೆ ನೆತ್ತಿಯನ್ನು ಎರಡು ಸಲ ತಟ್ಟಿಕೊಂಡಳು. ಹುಡುಗಿ ಥಟ್ಟನೆ ಬಾಯಿ ಮುಚ್ಚಿದಳು. ಕಾಲ್ ಕಟ್ಟಾಯಿತು.