ಮೂಗಯ್ಯ ಮಲಗಬೇಕೆಂದ ದಿನ

ಮೂಗಯ್ಯ ಮಾಡಿದ ತಪ್ಪು ಒಂದೇ. ಹಗ್ಗದ ಮಂಚವನ್ನು ಹಿತ್ತಲಿಗೆ ಹಾಕುವ ಬದಲು ಬೀದಿಗೆ ಮುಖ ಮಾಡಿದ ಹೊಂಗೆ ಮರದ ಕೆಳಗೆ ಹಾಕಿದ. ಸುಮ್ಮನೆ ಮಲಗಿರುವ ಗಂಡಸು ಬೀದಿಯವರ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಗುಂಡ್ಲುಪೇಟೆ ಸೀಮೆಯಲ್ಲಿ ಹುಟ್ಟಿದ ಎತ್ತಿಗೂ ಗೊತ್ತು. ಮೂಗಯ್ಯನಿಗೆ ಗೊತ್ತಿರಲಿಲ್ಲ.

ಹಾಗೆ ನೋಡಿದರೆ ಅರ್ಧ ತಪ್ಪು ಆ ಮರದ್ದೇ. ತೆರಕಣಾಂಬಿ ದಾರಿಯಲ್ಲಿರುವ ಆ ಊರಿನ ಹೊಂಗೆ ಉಗಾದಿ ಹೊತ್ತಿಗೆ ಚಿಗುರಿತೆಂದರೆ ಅದರ ನೆರಳಿನ ತಂಪು ಎಂಥದೆಂದರೆ, ಮಟಮಟ ಮಧ್ಯಾಹ್ನ ಅಲ್ಲಿ ಕೂತ ಕೋಳಿ ಕಂಬಳಿ ಹುಡುಕುತ್ತದೆ. ಹೂ ಉದುರುವುದು ಮೂಟೆ ಬಿಚ್ಚಿ ಪುರಿ ಸುರಿದಂತೆ. ಅದಕ್ಕೆ ಮುತ್ತುವ ಜೇನಿನ ಗುಂಯ್ ಶಬ್ದಕ್ಕೆ ಬಂಡೀಪುರದ ಆನೆಗಳೂ ತೂಕಡಿಸುತ್ತವೆ. ಇದುವರೆಗೆ ಯಾವ ಆನೆಯೂ ಬಂದು ಅಲ್ಲವೆಂದು ಹೇಳಿಲ್ಲ.

ಮೂಗಯ್ಯ ಆ ಊರಿನ ನೀರುಗಂಟಿ. ಮೋಟರು ಹಾಕಿ, ಟ್ಯಾಂಕು ತುಂಬಿಸಿ, ಬೀದಿಬೀದಿಗೆ ನೀರು ಬಿಡುವವನು. ಉಗಾದಿಯ ಬೆನ್ನಿಗೆ ಬರುವ ವರ್ಷತೊಡಕಿನ ದಿನ ಏನು ಮಾಡುತ್ತೀವೋ ವರ್ಷವಿಡೀ ಅದನ್ನೇ ಮಾಡುತ್ತೀವಿ ಎಂಬುದು ಆ ಕಡೆಯವರ ಮಾತು. ಅಂದು ನಕ್ಕವನು ವರ್ಷವೆಲ್ಲ ನಗುತ್ತಾನೆ, ಒದೆ ತಿಂದವನು ವರ್ಷವೆಲ್ಲ ತಿನ್ನುತ್ತಾನೆ. ಹೋದ ಸಲದ ತೊಡಕಿನಂದು ಮೂಗಯ್ಯ ಬೆಳಗಿನಿಂದ ಬೈಗಿನವರೆಗೆ ಚರಂಡಿಯಲ್ಲಿ ಕೂತು ಒಡೆದ ಪೈಪನ್ನು ಹೊಸ ಹೆಂಡತಿಯಂತೆ ತಬ್ಬಿಕೊಂಡಿದ್ದ. ಆಮೇಲೆ ಆ ಊರಿನಲ್ಲಿ ಪೈಪು ಒಡೆಯದ ವಾರವೇ ಬರಲಿಲ್ಲ. ಭಾವಮೈದುನನ ಮದುವೆಯಲ್ಲಿ ಪಾಯಸಕ್ಕೆ ಕೈಯಿಟ್ಟವನನ್ನು ಎಲೆಯ ಮುಂದಿನಿಂದ ಎಬ್ಬಿಸಿ, ರೇಷ್ಮೆ ಪಂಚೆಯಲ್ಲೇ ಚರಂಡಿಗೆ ಇಳಿಸಿದ್ದರು.

ಆದ್ದರಿಂದ ಈ ಸಲ ಮೂಗಯ್ಯ ಶಪಥ ಮಾಡಿದ್ದ. ಮಂಗಳವಾರ ಊರಿನಲ್ಲಿ ತೊಡಕಿನ ಬಾಡೂಟ. ಅಂದು ಹೊಂಗೆ ನೆರಳು, ಉಪ್ಪುಕಾರ ಸವರಿದ ಎಳೆ ಮಾವಿನಕಾಯಿ, ಮಧ್ಯಾಹ್ನ ಬಾಡು ಮುದ್ದೆ, ಆಮೇಲೆ ನಿದ್ದೆ. ಇಷ್ಟೇ. ವರ್ಷವಿಡೀ ಇಷ್ಟೇ.

"ಇವತ್ತು ನಾನು ಒಂದ್ ಕಡ್ಡೀನೂ ಎತ್ತಿ ಅತ್ಲಾಗಿಂದ ಇತ್ಲಾಗಿಕ್ಕಲ್ಲ ಕಣಮ್ಮಿ," ಎಂದು ಹೆಂಡತಿ ನಾಗಮಣಿಗೆ ಹೇಳಿದ.

"ಮನೇಲಿ ಯಾವತ್ತು ಎತ್ತಿದ್ರಿ," ಎಂದು ನಾಗಮಣಿ ಮಾವಿನಕಾಯಿ ತಟ್ಟೆಯನ್ನು ಮಂಚದ ಪಕ್ಕ ಕುಕ್ಕಿ ಒಳಗೆ ಹೋದಳು.

ಮೊದಲ ಹೋಳನ್ನು ಕಚ್ಚಿದ. ಹುಳಿಗೆ ಒಂದು ಕಣ್ಣು ಮುಚ್ಚಿತು. ಮುಚ್ಚಿದ ಕಣ್ಣು ತೆರೆಯುವಷ್ಟರಲ್ಲಿ ಎದುರಿಗೆ ಮಾದಣ್ಣ ನಿಂತಿದ್ದ.

ಪಕ್ಕದ ಮನೆಯ ಮಾದಣ್ಣ ಆ ಬೀದಿಯ ಗುಡ್ಡೆ ಬಾಡಿನ ಯಜಮಾನ. ಹದಿನಾರು ಮನೆಯವರು ಸೇರಿ ಕುರಿ ಕೊಯ್ಯಿಸಿ, ಬಾಡನ್ನು ಹದಿನಾರು ಗುಡ್ಡೆ ಮಾಡಿ ಎಲೆಯ ಮೇಲೆ ಸಾಲಾಗಿ ಇಟ್ಟಾಗಿತ್ತು. ಯಾರ ಪಾಲು ಯಾವುದೆಂದು ತಕರಾರು ಬರಬಾರದಲ್ಲ, ಅದಕ್ಕೆ ಅಲ್ಲೊಂದು ಪದ್ಧತಿಯಿದೆ. ಒಬ್ಬ ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲಬೇಕು. ಇನ್ನೊಬ್ಬ ಒಂದೊಂದು ಗುಡ್ಡೆ ಮುಟ್ಟಿ "ಇದ್ಯಾರ್ದು?" ಎಂದು ಕೇಳಬೇಕು. ಬೆನ್ನು ಹಾಕಿದವನ ಬಾಯಲ್ಲಿ ಬಂದ ಹೆಸರಿನವರಿಗೆ ಆ ಗುಡ್ಡೆ. ಆಮೇಲೆ ಬ್ರಹ್ಮ ಬಂದರೂ ಬದಲಿಲ್ಲ. ಪ್ರತಿ ವರ್ಷ ಹೆಸರು ಕೂಗುತ್ತಿದ್ದವನು ಮಗಳ ಊರಿಗೆ ಹೋಗಿದ್ದ. ಊರಿನಲ್ಲಿ ಯಾರೊಂದಿಗೂ ಜಗಳವಿಲ್ಲದ ಗಂಡಸು ಬೇಕಿತ್ತು, ಅಂಥವನೊಬ್ಬ ಹೊಂಗೆ ಮರದ ಕೆಳಗೆ ಮಾವಿನಕಾಯಿ ತಿನ್ನುತ್ತ ಮಲಗಿದ್ದ.

ಮೂಗಯ್ಯ ಶಪಥದ ಮಾತು ತೆಗೆದ. ಮಾದಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ.

"ಇದ್ಯಾವ ಸೀಮೆ ಕೆಲ್ಸ ಕಣ್ಲಾ. ಬೆನ್ನು ತಿರುಗ್ಸ್ಕಂಡು ನಿಂತ್ಕಳದು, ಬಾಯಾಡ್ಸದು. ಮದ್ವೆ ಆದೋರೆಲ್ಲ ದಿನಾ ಮಾಡದೆ ಅಲ್ವ. ಬಾ, ಐದ್ ನಿಮ್ಸ."

ನಿಲ್ಲುವುದು ಕೆಲಸವಲ್ಲ ಎಂದು ಮೂಗಯ್ಯನಿಗೂ ಅನ್ನಿಸಿತು. ಹೋಗಿ ಬೆನ್ನು ಹಾಕಿ ನಿಂತ. ಬಿಸಿಲು ನೆತ್ತಿಯ ಮೇಲೆ ದೋಸೆ ಹುಯ್ಯುತ್ತಿತ್ತು. ಮನಸ್ಸು ಅರ್ಧ ಕಚ್ಚಿಟ್ಟ ಹೋಳಿನ ಮೇಲಿತ್ತು. ಬೇಗ ಮುಗಿಸಬೇಕೆಂಬ ತವಕದಲ್ಲಿ ಹೆಸರುಗಳನ್ನು ಬಸ್ಸಿನ ಕಂಡಕ್ಟರ್ ಊರು ಕೂಗುವ ಹಾಗೆ ಉದುರಿಸಿದ. ಹದಿನಾರು ಹೆಸರು ಮುಗಿದವು, ಹದಿನಾರು ಎಲೆ ಎದ್ದವು. ತನ್ನ ಎಲೆ ಎತ್ತಿಕೊಳ್ಳಲು ಮೂಗಯ್ಯ ತಿರುಗಿದರೆ ಅಲ್ಲಿ ಒಂದು ನಾಯಿ, ಮೂರು ಕಾಗೆ ಮಾತ್ರ ಇದ್ದವು.

ಎದುರು ಮನೆಯ ಯಶೋದಮ್ಮನ ಹೆಸರನ್ನು ಎರಡು ಸಲ ಕೂಗಿಬಿಟ್ಟಿದ್ದ. ತನ್ನ ಹೆಸರನ್ನು ಒಂದು ಸಲವೂ ಕೂಗಿರಲಿಲ್ಲ. ಯಶೋದಮ್ಮನಿಗೆ ಇದು ತಿಳಿದಿತ್ತು. ಆದರೆ ಆಕೆ ಬಂದ ಭಾಗ್ಯವನ್ನು ಬೇಡವೆಂದು ಜೀವಮಾನದಲ್ಲಿ ಹೇಳಿದವಳಲ್ಲ. ಎರಡೂ ಎಲೆಯನ್ನು ಸೆರಗಿನೊಳಗೆ ಇಳಿಸಿಕೊಂಡು ಗಾಳಿಯಂತೆ ಮನೆ ಸೇರಿದ್ದಳು.

ಬರಿಗೈಲಿ ಬಂದ ಗಂಡನನ್ನು ನಾಗಮಣಿ ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು, ಆಕೆ ಅದಕ್ಕಿಂತ ಹೆಚ್ಚು ಕುದಿಯುತ್ತಿದ್ದಳು. ತೊಡಕಿನ ದಿನ ಬಾಡಿಲ್ಲದ ಮನೆಯಲ್ಲಿ ವರ್ಷವೆಲ್ಲ ಬಾಡಿರುವುದಿಲ್ಲ ಎಂಬುದನ್ನು ಆಕೆ ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ. ಮೂಗಯ್ಯ ಪಾತ್ರೆ ಹಿಡಿದು ಎದುರು ಮನೆಗೆ ನಡೆದ.

ಯಶೋದಮ್ಮ ಬಾಗಿಲಲ್ಲೇ ಸಿಕ್ಕಳು, ಮುಖದಲ್ಲಿ ಮರುಕ ತುಂಬಿಕೊಂಡು.

"ಎರಡ್ ಗುಡ್ಡೇನೂ ಒಂದೇ ಪಾತ್ರೆಗೆ ಬಿದ್ದೋಗದೆ ಕಣಪ್ಪ. ನಿಂದ್ಯಾವ್ದು ನಂದ್ಯಾವ್ದು ಅಂತ ಇನ್ನ ಆ ಕುರೀನೆ ಎದ್ದು ಬಂದೇಳ್ಬೇಕು. ಒಂದ್ ಕೆಲ್ಸ ಮಾಡು. ಕರೆಂಟಿಲ್ಲ, ಮಿಕ್ಸಿ ಸತ್ತು ಕೂತದೆ. ಕಾರ ರುಬ್ಕೊಡು, ಸಾರ್ನಲ್ಲಿ ಅರ್ಧ ತಕ್ಕಂಡೋಗು."

ಒರಳುಕಲ್ಲು ಹಿತ್ತಲಲ್ಲಿತ್ತು. ಅದರ ಗುಂಡು ಎಷ್ಟು ಭಾರವೆಂದರೆ ಅದನ್ನು ಒಂದು ಸುತ್ತು ತಿರುಗಿಸುವಷ್ಟರಲ್ಲಿ ಗುಂಡ್ಲುಪೇಟೆಯ ಬಸ್ಸು ಮೈಸೂರು ಮುಟ್ಟಿ ವಾಪಸು ಬರುತ್ತಿತ್ತು. ತೆಂಗಿನಕಾಯಿ, ಕೊತ್ತಂಬರಿ, ಮೆಣಸಿನಕಾಯಿ. ಮೂಗಯ್ಯ ರುಬ್ಬಿದ. ರುಬ್ಬಿದ ಪ್ರತಿ ಸುತ್ತಿಗೂ ಬರುವ ವರ್ಷದ ಒಂದೊಂದು ದಿನ ಕಣ್ಣ ಮುಂದೆ ತಿರುಗುತ್ತಿತ್ತು. ಮುಗಿಯಿತೆಂದು ಎದ್ದರೆ ಯಶೋದಮ್ಮ ನೆಂಟರು ಬರುವ ಸುದ್ದಿ ಹೇಳಿ, ಮಂಕರಿ ತುಂಬ ಸಣ್ಣ ಈರುಳ್ಳಿ ತಂದಿಟ್ಟಳು. ಕೇರಳದ ಲಾರಿಗೆ ಹೋಗಿ ಉಳಿದ, ಗೋಲಿಯಷ್ಟೇ ಗಾತ್ರದ ಈರುಳ್ಳಿ. ಸುಲಿದದ್ದು ಒಂದು ಬೊಗಸೆಯಾದರೆ ಸುರಿದ ಕಣ್ಣೀರು ಎರಡು ಕೊಡ. ಆ ನೀರನ್ನು ಟ್ಯಾಂಕಿಗೆ ಬಿಟ್ಟಿದ್ದರೆ ಊರು ಎರಡು ದಿನ ಕುಡಿಯುತ್ತಿತ್ತು.

ಹೊತ್ತು ಮೂರು ದಾಟಿದ ಮೇಲೆ ಮೂಗಯ್ಯ ಸಾರಿನ ಪಾತ್ರೆ ಹೊತ್ತು ಮನೆಗೆ ಬಂದ. ಉಂಡ. ರುಚಿ ಗೊತ್ತಾಗಲಿಲ್ಲ, ರಟ್ಟೆ ನೋವು ಮಾತ್ರ ಗೊತ್ತಾಯಿತು. ಇರಲಿ, ದಿನ ಇನ್ನೂ ಮುಗಿದಿಲ್ಲ, ಮಲಗಿದರೆ ಸಂಜೆಯವರೆಗಾದರೂ ಒಂದಿಷ್ಟು ವರ್ಷ ಉಳಿಯುತ್ತದೆಂದು ಲೆಕ್ಕ ಹಾಕಿ ಹೊಂಗೆ ಮರದ ಕಡೆ ಕಾಲು ಹಾಕಿದ.

ಮಂಚದ ಮೇಲೆ ಮಾದಣ್ಣ ಮಲಗಿದ್ದ.

ತನ್ನ ಗುಡ್ಡೆಯ ಬಾಡನ್ನೆಲ್ಲ ಹೊಟ್ಟೆಗೆ ಇಳಿಸಿಕೊಂಡು, ಮೇಲೆ ಮೂಗಯ್ಯನ ಮಾವಿನಕಾಯನ್ನೂ ಮುಗಿಸಿ, ಉಪ್ಪುಕಾರ ಮಾತ್ರ ಉಳಿದ ತಟ್ಟೆಯನ್ನು ಎದೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಆ ಗೊರಕೆಗೆ ಜೇನುಹುಳುಗಳು ಬೇರೆ ಮರ ಹುಡುಕಿಕೊಂಡು ಹೋಗಿದ್ದವು. ಮೂಗಯ್ಯ ಅಲುಗಾಡಿಸಿದ. ಮಾದಣ್ಣ ಮಗ್ಗುಲು ಬದಲಿಸಿದ. ಮಂಚ 'ಪಟ್' ಎಂದಿತು, ಇನ್ನೊಮ್ಮೆ 'ಪಟಪಟ' ಎಂದಿತು, ಮಾದಣ್ಣ ನಡುವಿನಿಂದ ಇಳಿದು ನೆಲದ ಮೇಲೆ ಕೂತ. ಅವನ ಸುತ್ತ ಮಂಚದ ಚೌಕಟ್ಟು ಮಾತ್ರ, ಪಟಕ್ಕೆ ಕಟ್ಟು ಹಾಕಿಸಿದ ಹಾಗೆ.

"ಖಾಲಿ ಮಂಚ ಮನೆಗೊಳ್ಳೇದಲ್ಲ ಅಂತ ಮನೀಕಂಡಿದ್ದೆ ಕಣ್ಲಾ," ಎಂದ ಮಾದಣ್ಣ ಮೈ ಕೊಡವಿಕೊಳ್ಳುತ್ತ.

ಹಗ್ಗ ಹೆಣೆದುಕೊಟ್ಟು ಹೋಗು ಎಂದು ಮೂಗಯ್ಯ ಕೇಳಿದ. ಮಾದಣ್ಣ ಆಗ ಆಡಿದ ಮಾತು ಮೂಗಯ್ಯನಿಗೆ ಒರಳುಗುಂಡಿಗಿಂತ ಭಾರವಾಯಿತು.

"ಬೇರೆ ದಿನ ಆಗಿದ್ರೆ ಹೆಣಿತಿದ್ದೆ ಬುಡು. ಇವತ್ತು ಹೆಣುದ್ರೆ ವರ್ಸೆಲ್ಲ ಹೆಣೀಬೇಕಾಯ್ತದೆ. ನೀನೇ ಅಲ್ವ ಬೆಳಗ್ಗೆ ಹೇಳ್ದೋನು."

ಅವನು ತನ್ನ ಮನೆಗೆ ಹೋಗಿ ಮತ್ತೆ ಮಲಗಿದ. ಮೂಗಯ್ಯ ಹರಿದ ಹಗ್ಗ ಬಿಚ್ಚಿದ, ಹೊಸ ಹಗ್ಗ ತಂದು ನೀರಲ್ಲಿ ನೆನೆಸಿದ, ಕಾಲಿನಿಂದ ಒದ್ದುಕೊಂಡು ಬಿಗಿದ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ಸಲಹೆ ಕೊಟ್ಟರು. ಒಬ್ಬ ಎಡದಿಂದ ಹೆಣೆ ಅಂದ, ಮುಂದಿನವನು ಬಿಚ್ಚಿಸಿ ಬಲದಿಂದ ಹೆಣೆಸಿದ. ಹೆಣೆದು ಮುಗಿಸುವ ಹೊತ್ತಿಗೆ ಸೂರ್ಯ ಗುಂಡ್ಲುಪೇಟೆ ಕಡೆಯ ಗುಡ್ಡದ ಹಿಂದೆ ಇಳಿದು, ಹೊಂಗೆಯ ನೆರಳು ಇದ್ದದ್ದೂ ಗೊತ್ತಾಗದ ಹಾಗೆ ಹೋಗಿತ್ತು.

ಅಂಗೈಯೆಲ್ಲ ಬೊಬ್ಬೆ. ಮೂಗಯ್ಯ ಹೊಸ ಹಗ್ಗದ ಮೇಲೆ ಕೂತು, ಇನ್ನು ವರ್ಷವಿಡೀ ಪರರ ಕಾರ, ಪರರ ಈರುಳ್ಳಿ, ಪರರು ಮುರಿದ ಮಂಚ ಎಂದು ಅಳುವುದೊಂದು ಬಾಕಿ. ಆಗ ಗೋವಿಂದಯ್ಯನವರು ಬಂದರು. ಊರಿಗೆಲ್ಲ ಪಂಚಾಂಗ ನೋಡಿ ಹೇಳುವ ಹಿರಿಯರು, ವಯಸ್ಸು ಎಂಬತ್ತೆಂದು ಅವರೇ ನಲವತ್ತು ವರ್ಷದಿಂದ ಹೇಳುತ್ತಿದ್ದಾರೆ. ಮೂಗಯ್ಯ ತನ್ನ ತೊಡಕು ಹಾಳಾದ ಕತೆಯನ್ನು ಮೊದಲಿನಿಂದ ಹೇಳಿಕೊಂಡ. ಗೋವಿಂದಯ್ಯ ಕೇಳಿದರು, ಬೊಚ್ಚುಬಾಯಿ ಬಿಟ್ಟು ನಕ್ಕರು.

"ಇವತ್ತೆಲ್ಲಿ ತೊಡಕ್ಲಾ? ಉಗಾದಿ ಆದದ್ದು ಭಾನುವಾರ. ಸೋಮವಾರಕ್ಕೆ ತೊಡಕು ಬಂತು, ಓಯ್ತು. ಸೋಮವಾರ ಮಾದಪ್ಪನ್ ದಿನ, ಬಾಡು ಮುಟ್ಟಂಗಿಲ್ಲ ಅಂತ ನಾವು ಬಾಡ್ನ ಮುಂದುಕ್ಕಾಕಿದ್ದು. ತಿಥೀನೂ ಮುಂದುಕ್ಕಾಕಕ್ಕೆ ಅದೇನು ನಿಮ್ಮಪ್ಪನ್ ಮನೆ ಕುರಿಯ?"

ಮೂಗಯ್ಯನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದು ಗೋವಿಂದಯ್ಯನವರನ್ನು ತಬ್ಬಿಕೊಂಡ, ಕಾಲಿಗೆ ಬಿದ್ದ. ಇವತ್ತು ತೊಡಕಲ್ಲ. ರುಬ್ಬಿದ್ದು ಲೆಕ್ಕಕ್ಕಿಲ್ಲ, ಸುಲಿದದ್ದು ಲೆಕ್ಕಕ್ಕಿಲ್ಲ, ಹೆಣೆದದ್ದಂತೂ ಇಲ್ಲವೇ ಇಲ್ಲ. ಹೊಸ ಹಗ್ಗದ ಮೇಲೆ ಉದ್ದಕ್ಕೆ ಕಾಲು ಚಾಚಿ ಮಲಗಿ, ಆ ದಿನದಲ್ಲಿ ಮೊದಲ ಸಲ ನಕ್ಕ.

"ಅಂಗಾರೆ ಲೆಕ್ಕ ಇರಾದು ನೆನ್ನೆದು," ಎಂದಳು ನಾಗಮಣಿ, ಹೊಸಿಲ ಮೇಲೆ ಕೂತು ಪಾತ್ರೆ ಒರೆಸುತ್ತ.

ಮೂಗಯ್ಯನ ನಗು ಅರ್ಧಕ್ಕೆ ನಿಂತಿತು.

ನೆನ್ನೆ. ಮಂಗಳವಾರ ಯಾರೂ ತನ್ನನ್ನು ಎಬ್ಬಿಸಬಾರದೆಂದು, ಸೋಮವಾರ ಅವನು ಕತ್ತಲಿರುವಾಗಲೇ ಎದ್ದು ಊರಿನ ಮೂರು ಬೀದಿಗೂ ಎರಡೆರಡು ಸಲ ನೀರು ಬಿಟ್ಟಿದ್ದ. ಕೊಳಾಯಿ ಎತ್ತರಕ್ಕಿದ್ದು ನೀರು ಹತ್ತದ ಮನೆಗಳಿಗೆ ಹೆಗಲ ಮೇಲೆ ಕೊಡ ಹೊತ್ತಿದ್ದ. ಹಸುವಿಗೆ ಎರಡು ದಿನದ ಹುಲ್ಲು ಕೊಯ್ದಿದ್ದ, ವಾರಕ್ಕಾಗುವ ಸೌದೆ ಸೀಳಿದ್ದ. ಸೋರುವ ಪೈಪುಗಳನ್ನೆಲ್ಲ ಒಂದೊಂದಾಗಿ ಅಗೆದು ಕಟ್ಟಿದ್ದ. ಚರಂಡಿಗೆ ಇಳಿದದ್ದು ಹನ್ನೊಂದು ಸಲ. ಹುಟ್ಟಿದಾಗಿನಿಂದ ಅಷ್ಟು ಕೆಲಸವನ್ನು ಅವನು ಒಂದೇ ದಿನ ಮಾಡಿದ್ದೇ ಇಲ್ಲ.

ಗೋವಿಂದಯ್ಯನವರು ಕೆಮ್ಮಿ, ಮೆಲ್ಲಗೆ ತಮ್ಮ ಮನೆಯ ದಾರಿ ಹಿಡಿದರು. ಮೂಗಯ್ಯ ಮಂಚದ ಮೇಲೆ ಎದ್ದು ಕೂತ. ನಾಗಮಣಿ ಒರೆಸಿದ ಪಾತ್ರೆಯನ್ನು ಬೋರಲು ಹಾಕಿ ಎದ್ದಳು.

"ನೆನ್ನೆ ಎದ್ದಂಗೆ ವರ್ಸೆಲ್ಲ ಏಳ್ಬೇಕಲ್ಲ, ನಾಕ್ ಗಂಟ್ಗೆ. ಮನೀಕಳಿ ಬೇಗ."