ನರ್ಸಬಾಯಿ ಕಾಲ ನೆಲಕ್ಕ ಹಚ್ಚಲಿಲ್ಲ

ಸ್ವಲ್ಪ ಹತ್ತರ ಬರ್ರಿ, ಬಾಗಲಾ ಮುಂದ ಮಾಡ್ರಿ. ನಾ ಹೇಳಿದ್ದು ಈ ಗ್ವಾಡಿ ದಾಟಬಾರದು, ಮೊದಲ ಆಣಿ ಮಾಡ್ರಿ. ನಾ ಎರಡನೇತ್ತಾ ತನಕ ಅಷ್ಟ ಸಾಲಿಗೆ ಹೋದಾಕಿ. ಬರಿಯೂದು ಸಾವಕಾಶ, ಹೇಳೂದು ಜೋರ. ನಮ್ಮ ಬನಹಟ್ಟಿ ಓಣ್ಯಾಗ ದಿನಾ ಒಂದಿಲ್ಲೊಂದು ಆಗತಾನ ಇರತೈತಿ. ನಾ ಕಟ್ಟಿ ಮ್ಯಾಲ ಕುಂತಿರತೇನಿ, ಅವು ತಾವಾಗೇ ಬಂದು ಕಣ್ಣಿಗೆ ಬೀಳತಾವು. ಅದರಾಗ ನನ್ನ ತಪ್ಪೇನೈತಿ?

ಇದು ಬಾಜೂ ಮನಿ ನರ್ಸಬಾಯಿ ಸುದ್ದಿ. ನಾಕ ಮಂದಿಗೆ ಅಷ್ಟ ಹೇಳೇನಿ, ನೀವು ಐದನೇದವರು.

ಬಾಗಲಾ ಹಾಕ್ಕೊಂಡ ನರ್ಸಬಾಯಿ

ನರ್ಸಬಾಯಿ ಅಂದ್ರ ಮೂವತ್ತು ವರ್ಷ ಸೈಕಲ್ ಮ್ಯಾಲ ಹಳ್ಳಿ ತಿರಗಿ ಹುಡುಗರ ರಟ್ಟಿಗೆ ಸೂಜಿ ಚುಚ್ಚಿದಾಕಿ. ರಿಟೈರ್ ಆದಳು, ಬಚ್ಚಲದಾಗ ಜಾರಿ ಬಿದ್ದು ಮೊಣಕಾಲ ಮುರಕೊಂಡಳು. ಡಾಕ್ಟರು ಒಳಗ ರಾಡ್ ಹಾಕಿದ್ರು, ಮಗಾ ಆಕಿ ಸೈಕಲ್ ಗುಜರಿಗೆ ಹಾಕಿದಾ. ಅಲ್ಲಿಂದ ಮೂರು ವರ್ಷ ಆಕಿ ಕಿಡಕ್ಯಾಗ ನಿಂತು, ಹೋಗೂ ಬರೂ ಸೈಕಲ್ ನೋಡೂದೊಂದ ಕೆಲಸ.

ಈಗ ಎರಡು ತಿಂಗಳ ಹಿಂದ ಪಾರ್ಸಲ್ ಬರಾಕ ಹತ್ತಿದವು. ಒಂದು ಉದ್ದಂದು, ಎರಡು ದುಂಡಂದು, ಉಳದದ್ದು ಸಣ್ಣ ಸಣ್ಣವು. ಅವು ಬಂದ ಮರುದಿನದಿಂದ ಮಗ್ಗಾ ರಿಪೇರಿ ಮಾಡೂ ಫಿಟ್ಟರ್ ಬರಾಕ ಹತ್ತಿದಾ. ಅಂವಾ ಹೆಂಡತಿ ಸತ್ತಾಂವ. ದಿನಾ ಮಧ್ಯಾಹ್ನ ಊಟ ಆದ ಮ್ಯಾಲ ಒಳಗ ಹೋಗೂದು, ಬಾಗಲಾ ಹಾಕೂದು, ಎರಡ ತಾಸು! ನೀವ ಹೇಳ್ರಿ, ನನ್ನ ಜಾಗಾದಾಗ ನೀವಿದ್ರ ಸುಮ್ನ ಕುಂದರತಿದ್ರಿ?

ಹೆಪ್ಪು ಕೇಳೂ ನೆವ ಮಾಡಿ ವಾಟಗಾ ಹಿಡಕೊಂಡು ಹೋಗಿ ಬಾಗಲಾ ಬಡದೆ. ತಗದಳು. ಆಕಿ ಎರಡೂ ಕೈ ಕರ್ರಗ, ಗಲ್ಲ ಕರ್ರಗ. ಹಿಂದ ಫಿಟ್ಟರಂದು ಮೂಗೂ ಕರ್ರಗ. ಪಡಸಾಲ್ಯಾಗ ಪೇಪರ್ ಹಾಸಿ, ಅದರ ಮ್ಯಾಲ ಒಂದು ಹಸರ ಸೈಕಲ್ ತಲಿಕೆಳಗಾಗಿ ನಿಂತಿತ್ತು.

"ಗುಡ್ಡಾ ಹತ್ತೂ ಸೈಕಲ್ ಬೇ," ಅಂದಳು ಆಕಿ. ಕಣ್ಣು ಹೊಳಿತಿದ್ದವು. "ಒಂದೊಂದ ಸಾಮಾನ ತರಿಸಿ ನಾವ ಜೋಡಿಸೇವಿ. ಫೋನಿನಾಗ ನೋಡಿ ಕಲ್ತೆ."

ನಾ ಸುತ್ತ ತಿರಗಿ ನೋಡಿದೆ. ಹಿಂದ ಕ್ಯಾರಿಯರ್ ಇಲ್ಲ, ಮುಂದ ಬುಟ್ಟಿ ಇಲ್ಲ, ಗಂಟಿ ಇಲ್ಲ, ಮಡಗಾರ್ಡ್ ಇಲ್ಲ, ನಿಂದ್ರಸಾಕ ಸ್ಟ್ಯಾಂಡೂ ಇಲ್ಲ.

"ಬಾಯಿ," ಅಂದೆ, "ಮೋಸ ಮಾಡ್ಯಾರ ನಿನಗ. ಅರ್ಧಾ ಸೈಕಲ್ ಕಳಿಸ್ಯಾರ!"

ಫಿಟ್ಟರನ ಕೈಗುಣ

ಮೊದಲನೇ ದಿನ ನಸಕಿನ್ಯಾಗ ನರ್ಸಬಾಯಿ ಓಣಿ ಕಡೀತನ ಸೈಕಲ್ ಹೊಡದಳು. ಸಪಾಟ ಜಾಗಾದಾಗ ಛಲೋ ಹೋತು. ಗುಡಿ ಹತ್ರ ಸಣ್ಣ ಏರು ಬಂತು ನೋಡ್ರಿ, ಸೈಕಲ್ ಎತ್ತು ಹಟಾ ಹಿಡದಂಗ ನಿಂತ ಬಿಟ್ಟಿತು. ಗುಂಡಿ ಒತ್ತತಾಳ, ಗೇರ್ ಬದಲಾಗವಲ್ಲದು. ತಳ್ಳಿಕೋತ ತಿರಗಿ ಬಂದಳು. ನಾ ಕಟ್ಟಿ ಮ್ಯಾಲ ಕುಂತು ನಕ್ಕಿದ್ದು ಖರೆ, ಸುಳ್ಳ ಯಾಕ ಹೇಳಲಿ.

ಫಿಟ್ಟರನ್ನ ಕರಸಿದಳು. ಅಂವಾ ಎದಿ ಉಬ್ಬಿಸಿ ಹೇಳಿದಾ, "ಬಾಯಾರ, ನಿಮ್ಮ ಸೈಕಲ್ದಾಗ ಒಂದು ದೊಡ್ಡ ದೋಷ ಇತ್ರಿ. ಸರಪಳಿ ಒಂದ ಹಲ್ಲಿನ ಗಾಲಿ ಬಿಟ್ಟು ಇನ್ನೊಂದಕ್ಕ ಹಾರತಿತ್ತು. ನಿನ್ನೆ ಹೋಗೂಮುಂದ ಬಿಗದು ಕೂಡಿಸೇನಿ. ಇನ್ನ ಹತ್ತ ವರ್ಷ ಅಲಗ್ಯಾಡೂದಿಲ್ಲ!"

ನರ್ಸಬಾಯಿ ತಲಿ ತಲಿ ಬಡಕೊಂಡಳು. "ಅಣ್ಣಾ, ಅದು ಹಾರಲೀ ಅಂತನ ಎಂಟ ಗಾಲಿ ಇಟ್ಟಾರೋ!"

ಅಂವಾ ಪಾನಾ ಹಿಡಕೊಂಡು ಸೈಕಲ್ ಮುಂದ ಕುಂತಾ. ಬಾಳೊತ್ತು ಬಿಚ್ಚಲಿಲ್ಲ. "ಬಾಯಾರ, ಜಲ್ಮ ಎಲ್ಲಾ ಮಗ್ಗದಾಗಿಂದ ಲಾಳಿ ಹೊರಗ ಹಾರೂದನ್ನ ನಿಂದ್ರಸಿ ಹೊಟ್ಟಿ ಹೊರಕೊಂಡೇನಿ. ಹಾರಿದ್ರ ಮಂದಿ ಕಣ್ಣ ಹೋಗತಾವು. ಈಗ ನೀವು ಹಾರಸು ಅಂದ್ರ ಕೈ ಬರವಲ್ಲದ್ರೀ. ನೀವ ಬಿಚ್ರಿ, ನಾ ಆಕಡೆ ಮಾರಿ ಮಾಡತೇನಿ."

ಮಗನ ಷರತ್ತು

ಮಗಾ ಜಮಖಂಡ್ಯಾಗ ಆಫೀಸಿನಾಗ ಕ್ಲಾರ್ಕ್. ಅವನಿಗೆ ಸುದ್ದಿ ಹೆಂಗ ಮುಟ್ಟಿತೋ ದೇವರಿಗೆ ಗೊತ್ತು. ನಾ ಅಂತೂ ಅವನಿಗೆ ಹೇಳಲಿಲ್ಲ. ಅವನ ಹೆಂಡತಿಗೆ ಅಷ್ಟ ಹೇಳಿದ್ದೆ.

ಆಯ್ತವಾರ ಕಾರ್ ತೊಗೊಂಡು ಬಂದಾ. ಗ್ವಾಡಿಗೆ ಕಿವಿ ಹಚ್ಚೂ ಪ್ರಸಂಗನ ಬರಲಿಲ್ಲ, ಅಷ್ಟು ಜೋರ ಒದರಿದಾ. "ಅವ್ವಾ, ನಿನ್ನ ಕಾಲಾಗ ಕಬ್ಬಿಣ ಐತಿ!"

"ಈ ಸೈಕಲ್ದಾಗ ಕಬ್ಬಿಣನ ಇಲ್ಲಪಾ, ಎಲ್ಲಾ ಅಲ್ಯೂಮಿನಿ. ನನ್ನ ಕಾಲಾಗರ ಇರಲಿ ಬಿಡು."

ಕಡೀಕ ಷರತ್ತು ಆತು. ಬರೂ ಆಯ್ತವಾರ ಬನಹಟ್ಟಿಯಿಂದ ಮುಧೋಳ ಬಸ್‌ಸ್ಟ್ಯಾಂಡ್ ತನಕ ಹೋಗಬೇಕು. ನಡುವ ಎಲ್ಲೂ ಕಾಲ ನೆಲಕ್ಕ ಹಚ್ಚಬಾರದು. ಹಚ್ಚಿದ್ರ ಕಾಲಿನಾಗ ಕಸುವಿಲ್ಲಂತ ಅರ್ಥ. ಸೈಕಲ್ ಅಲ್ಲೇ ಕಾರಿನ ಡಿಕ್ಕಿಗೆ, ಆಕಿ ಮತ್ತ ಜಲ್ಮದಾಗ ಸೈಕಲ್ ಹೆಸರ ತಗೀಬಾರದು. ಮಗಾ ಕಾರಿನಾಗ ಹಿಂದ ಬರಾಂವ.

"ಆತು," ಅಂದಳು. ಮಾತ ಕೊಟ್ಟಳು ಖರೆ, ಆಮ್ಯಾಲ ಹಿತ್ತಲದಾಗ ಒಬ್ಬಾಕಿನ ನಿಂತು ಮೊಣಕಾಲ ತಿಕ್ಕೋತಿದ್ದಳು. ಅಂಥಾ ಸಣ್ಣ ಮಾರಿ ನಾ ಆಕಿದು ಕಂಡಿರಲಿಲ್ಲ.

ನಾ ಒಂದು ವಾರ ಫೋನ್ ಕೆಳಗ ಇಡಲಿಲ್ಲ. ಚಿಮ್ಮಡದ ತಂಗಿಗೆ ಹೇಳಿದೆ, ಅಲ್ಲಿಂದ ಮುಂದಿನ ಊರಾಗಿನ ನನ್ನ ಬೀಗತಿಗೆ ಹೇಳಿದೆ, ಮುಧೋಳ ದಾರ್ಯಾಗಿನ ದೊಡ್ಡ ಏರಿನ ಮ್ಯಾಲ ಚಾ ಅಂಗಡಿ ಇಟ್ಟಾಕಿಗೂ ಹೇಳಿದೆ. ಯಾರಿಗೂ ಹೇಳಬ್ಯಾಡ್ರಿ ಅಂತ ಹೇಳಿನ ಎಲ್ಲಾರಿಗೂ ಹೇಳಿದೆ. ಸಾಕ್ಷಿ ಬೇಕಲಾ ಅಂತ ಕಾರಿನಾಗ ಮುಂದಿನ ಸೀಟೂ ಹಿಡದೆ.

ಚಿಮ್ಮಡದ ಗಂಡಸರು

ಆಯ್ತವಾರ ನರ್ಸಬಾಯಿ ಕಚ್ಚಿ ಹಾಕಿ ಸೀರಿ ಉಟ್ಟು, ಡ್ಯೂಟಿ ಕಾಲದ ಬಿಳೇ ಬೂಟ ಹಾಕ್ಕೊಂಡು ಹೊಂಟಳು. ಓಣಿ ದಾಟಿದ್ದ ತಡಾ, ಏನ್ ಓಡಿಸ್ತಾಳ್ರೀ! ತೆಗ್ಗಿನ್ಯಾಗ ಇಳದ್ರ ಮುಂದಿನ ಗಾಲಿ ಕುಣೀತೈತಿ, ಆಕಿ ಕುಲುಕುಲು ನಗತಾಳ. ಮೂರು ವರ್ಷದ ನಗಿ ಒಂದ ಸಲಾ ಹೊರಗ ಬಂದಂಗಾತು. ಮಗಾ ಬಾಯಿ ತಗದು ನೋಡಾಕತ್ತಿದ್ದಾ, ಗೇರ್ ಹಾಕೂದ ಮರತಾ.

ಚಿಮ್ಮಡ ಬಂತು. ಹೆಣಮಕ್ಕಳೆಲ್ಲಾ ರಸ್ತೆಕ್ಕ ಬಂದು "ನರ್ಸಬಾಯಿ! ನರ್ಸಬಾಯಿ!" ಅಂತ ಕೂಗಾಕ ಹತ್ತಿದ್ರು. ನಾ ಗಂಡಸರನ್ನ ನೋಡಾಕತ್ತಿದ್ದೆ. ಬಿಳೇ ಬೂಟು, ಸೈಕಲ್, ನರ್ಸಬಾಯಿ ಅನ್ನೂ ಕೂಗು, ಮೂರೂ ಕೂಡಿ ಬಂದ್ವು ನೋಡ್ರಿ. ಗಲ್ಲಿ ಮೀಸಿ ಬಿಟ್ಟಾವರು, ಮೂರು ಮೂರು ಮಕ್ಕಳ ಅಪ್ಪಗೋಳು, ತಮಗ ಗೊತ್ತಿಲ್ಲದಂಗ ರಟ್ಟಿ ಹಿಡಕೊಂಡು ಬಾಗಲಾ ಮರಿಗೆ ಸರದಿದ್ರು!

ಕುರಿ ಮತ್ತು ಕಾರು

ಮುಂದ ರಸ್ತೆ ತುಂಬ ಕುರಿ. ಆತು, ಇಲ್ಲೇ ಕಾಲ ಹಚ್ಚತಾಳ ಅಂತ ನಾ ಕುತಗಿ ಹೊರಗ ಹಾಕಿದೆ. ಸೈಕಲ್ ನಿಂತಲ್ಲೇ ಓಲ್ಯಾಡಾಕ ಹತ್ತಿತು. ಕಂಬಳಿ ಹೊತ್ತ ಕುರುಬರ ಮುದುಕಾ ಕೋಲು ಎತ್ತಿ ಒದರಿದಾ, "ಕಾಲ ಹಚ್ಚಬ್ಯಾಡ ತಾಯಿ! ಸುದ್ದಿ ಮುಟ್ಟೈತಿ ನಮಗ!" ಹೋಯ್ ಹೋಯ್ ಅಂದು ಕುರಿ ಎರಡ ಪಾಲ ಮಾಡಿದಾ. ಬೈತಲಿ ತಗದಂಗ ದಾರಿ ಆತು, ಆಕಿ ಸರ್ರನ ಹೋದಳು.

ನಮ್ಮ ಕಾರ್ ಬರೂದ್ರಾಗ ಕುರಿ ಮತ್ತ ಕೂಡಿದ್ವು. ಮಗಾ ಹಾರ್ನ್ ಹೊಡದ ಹೊಡದಾ. ಮುದುಕಾ ಸಾವಕಾಶ ಬಂದು ಕಿಡಕ್ಯಾಗ ಬಗ್ಗಿದಾ.

"ಮಗಾ ನೀನೇನು?"

"ಹೌದ್ರಿ."

"ಅವ್ವನ್ನ ಮೂರು ವರ್ಷ ನಿಂದ್ರಸಿದಿ. ನೀ ಒಂದ ಹದಿನೈದು ಮಿನಿಟ ನಿಂದ್ರು."

ಕಬ್ಬಿನ ಗಾಡಿ

ಕುರಿ ದಾಟಿ ನಾವು ದೊಡ್ಡ ಏರು ಹತ್ತಿದ್ರ ನರ್ಸಬಾಯಿ ಕಾಣವಲ್ಲಳು. ಕಬ್ಬ ತುಂಬಿದ ಟ್ರ್ಯಾಕ್ಟರ್ ಒಂದು ಎರಡು ಟ್ರೇಲರ್ ಎಳಕೋತ ತೇಕತಿತ್ತು. "ಸೈಕಲ್ ಮ್ಯಾಲ ಒಬ್ಬಾಕಿ ಹೋದಳೇನಪಾ?" ಅಂತ ಕೇಳಿದೆ.

"ನನ್ನ ಹಿಂದ ಹಾಕಿ ಹೋದಳ್ರೀ ಯಮ್ಮಾ," ಅಂದಾ ಡ್ರೈವರ್. "ಹೋಗ್ತಾ ಹೋಗ್ತಾ ಕಬ್ಬಿಂದು ಒಂದು ಗಣಿಕಿ ಎಳಕೊಂಡಳು. ಹುಡುಗರು ಎಳದ್ರ ಬೈತೇನಿ. ಈಕಿಗೆ ಬಾಯಿ ತಗಿಯೂದ್ರಾಗ ಈಕಿನ ನನಗ ಬೈದಳು, ನಡುರಸ್ತ್ಯಾಗ ಆಮಿ ಗತೆ ತೆವಳಿಕೋತ ಯಾಕ ಹೊಂಟೀದಿ, ಸೈಡಿಗೆ ಹೊಡಿ ಅಂತ!"

ಮುಧೋಳ ಬಸ್‌ಸ್ಟ್ಯಾಂಡ್

ಮುಧೋಳ ಮುಟ್ಟಿದ್ರ ಬಸ್‌ಸ್ಟ್ಯಾಂಡ್ ಮುಂದ ಜನ ಗುಂಪು ಕೂಡಿತ್ತು. ಬಿದ್ದಳೇನೋ ಅಂತ ಕಾರಿನಿಂದ ಜಿಗದೆ. ಮಂದಿ ಸರಿಸಿ ನೋಡಿದ್ರ ನರ್ಸಬಾಯಿ ಹ್ಯಾಂಡಲ್ ಮ್ಯಾಲ ಕಬ್ಬ ಇಟಗೊಂಡು ಗರಗರಾ ಸುತ್ತ ಹಾಕಾಕತ್ತಾಳ. ಮಗಾ ಕಣ್ಣಾರೆ ನೋಡೂತನ ಕಾಲ ಹಚ್ಚೂದಿಲ್ಲಂತ! ಕಂಡಕ್ಟರ್ ಒಬ್ಬಾಂವ ಸೀಟಿ ಊದಿ ಬಸ್ಸಿಗೆ ಕೈ ಅಡ್ಡಾ ಹಿಡದಿದ್ದಾ. ಬಸ್ಸಿನಾಗಿನ ಮಂದಿ ಎಷ್ಟನೇ ಸುತ್ತು ಅಂತ ಎಣಸಾಕತ್ತಿದ್ರು.

"ಈಗ ಇಳೀಲೇನೋ?" ಅಂದಳು ಮಗನಿಗೆ.

ಮಗಾ ಓಡಿ ಹೋಗಿ ಹ್ಯಾಂಡಲ್ ಹಿಡದಾ. "ಇಳಿ ಬೇ ಅವ್ವಾ. ಸೈಕಲ್ ನಿಂದು."

ಮಂದಿ ಚಪ್ಪಾಳಿ ಹೊಡದ್ರು. ನಾನೂ ಹೊಡದೆ, ಯಾಕ ಸುಳ್ಳ ಹೇಳಲಿ, ಕಣ್ಣಾಗ ನೀರೂ ಬಂದಿದ್ವು. ನರ್ಸಬಾಯಿ ನೆಲಕ್ಕ ಕಾಲ ಇಟ್ಟಳು, ಬೆವರ ಒರಸಿಕೊಂಡಳು, ಸೀದಾ ನನ್ನ ಕಡೆ ಬಂದಳು. ಅಷ್ಟೂ ಮಂದಿ ಮುಂದ, ನನ್ನ ಮಾರಿಗೆ ಮಾರಿ ಕೊಟ್ಟು ಅಂದಳು:

"ಏ ಮುದಕಿ, ಆ ದೊಡ್ಡ ಏರಿನಾಗ ನನ್ನ ಮೊಣಕಾಲ ಉರದು ಬೆಂಕಿ ಆಗಿತ್ತು. ಮಗಾ ಕುರಿ ನಡುವ ಸಿಕ್ಕಾನ, ಯಾರ ನೋಡತಾರ, ಒಂದ ಗಳಿಗಿ ಇಳದ ಬಿಡೂನು ಅಂತ ಮಾಡಿದ್ದೆ. ತಲಿ ಎತ್ತಿದ್ರ ಬೇವಿನ ಗಿಡದ ಕೆಳಗ ನಿನ್ನ ಬೀಗತಿ! ನಾಕ ಮಾರು ಮುಂದ ಹೋದ್ರ ಆಕಿ ನೆಗೆಣ್ಣಿ! ಮ್ಯಾಲ ಚಾ ಅಂಗಡ್ಯಾಗ ಊರಿಗೂರ ನನ್ನ ಕಾಲ ನೋಡಕೋತ ಕುಂತೈತಿ! ಇಳ್ಯಾಕ ಒಂದ ಗೇಣ ಜಾಗಾ ಬಿಟ್ಟಿದ್ದಿಯೇನ ನೀ? ಏರು ಹತ್ತಾಕನ ಬೇಕಾತು. ಮುಂದಿನ ಆಯ್ತವಾರ ಬೀಳಗಿಗೆ ಹೊಂಟೇನಿ. ದಾರಿ ಬಾಳ ಉದ್ದ ಐತಿ, ಇವತ್ತಿಂದನ ಹೇಳಾಕ ಸುರು ಮಾಡು!"